ಕಡಲಿನಾಳಕ್ಕೆ ಇಳಿಯುವ ಮುನ್ನ



ರಜೆಯ ಪ್ರವಾಸವೆಂದರೆ ಹಿಂದೆ ಹಂಪಿ, ಬೇಲೂರು, ಜೋಗ ಎಂದಷ್ಟೇ ಅರ್ಥವಿತ್ತು. ಈಗ ಕಾಲೇಜು ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಮುರ್ಡೇಶ್ವರಕ್ಕೆ ಹೋಗುತ್ತಾರೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿ ಸಾಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿದು ಬರುತ್ತಾರೆ. ಇನ್ನು ಕೆಲವರು ಅಂಡಮಾನಿನ ಸ್ವರಾಜ್ ದ್ವೀಪದವರೆಗೂ ಹೋಗುತ್ತಾರೆ. 2018ರವರೆಗೆ ಹ್ಯಾವ್‌ಲಾಕ್ ಎಂದು ಕರೆಯಲಾಗುತ್ತಿದ್ದ ದ್ವೀಪ ಅದು. ಇಂಥ ಪ್ರವಾಸಕ್ಕೆ ನಿಮ್ಮ ತಯಾರಿ ಏನು ಎಂದು ಕೇಳಿದರೆ ವಿಮಾನದ ಟಿಕೆಟ್ಟು, ಉಳಿಯುವ ಕೋಣೆ, ನೀರಿನಲ್ಲಿ ಕೆಡದ ಕ್ಯಾಮೆರಾ ಎಂಬ ಉತ್ತರ ಬರುತ್ತದೆ. ಇವೆಲ್ಲ ಬೇಕು ನಿಜ. ಆದರೆ ಇಂದು ನಾನು ಹೇಳಹೊರಟಿರುವ ತಯಾರಿ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುವಂಥದ್ದಲ್ಲ. ನಮ್ಮ ದೇಹದೊಳಗಿನ ಗಾಳಿ ನೀರಿನಡಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬ ತಿಳಿವಳಿಕೆಯೇ ಆ ತಯಾರಿ. ಅದನ್ನು ಮನೆಯಲ್ಲೇ, ಹೊರಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಮಾಡಿಕೊಳ್ಳಬೇಕು. ದೋಣಿಯ ಮೇಲೆ ಕುಳಿತು ಕಲಿಯುತ್ತೇನೆಂದರೆ ಅದು ಯುದ್ಧಕಾಲದ ಶಸ್ತ್ರಾಭ್ಯಾಸವಾದೀತು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಮುಳುಗುಗಾರನ ಬೆನ್ನ ಮೇಲಿರುವುದು ಆಮ್ಲಜನಕದ ಸಿಲಿಂಡರ್ ಎಂದು ಪತ್ರಿಕೆಗಳಲ್ಲಿಯೂ ಓದುತ್ತೇವೆ. ಅದು ಆಮ್ಲಜನಕವಲ್ಲ. ಅದರಲ್ಲಿರುವುದು ನಾವೀಗ ಉಸಿರಾಡುತ್ತಿರುವ ಇದೇ ಗಾಳಿ. ಸೋಸಿ, ತೇವ ತೆಗೆದು, ಒತ್ತಿ ತುಂಬಿದ್ದು, ಅಷ್ಟೆ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಪರಿಣಮಿಸಿ ಸೆಳವು ತರಬಲ್ಲುದು! ಸ್ಕೂಬಾ ಎಂಬುದು ಇಂಗ್ಲಿಷಿನ ಐದು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ತನ್ನ ಗಾಳಿಯನ್ನು ತಾನೇ ಹೊತ್ತೊಯ್ಯುವ, ನೀರಿನಡಿಯ ಉಸಿರಾಟದ ಸಾಧನ ಎಂದು ಅದರ ಅರ್ಥ. 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಇದಕ್ಕೆ ಇಂದಿನ ರೂಪ ಕೊಟ್ಟರು. ಯುದ್ಧದಿಂದಾಗಿ ಪೆಟ್ರೋಲು ಸಿಗದ ಕಾಲ. ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸಲು ಗಾನ್ಯಾಂ ಒಂದು ಕವಾಟ ಮಾಡಿದ್ದರು. ಎಂಜಿನ್ನು ಎಳೆದಷ್ಟೇ ಅನಿಲ ಬಿಡುವ ಆ ಕವಾಟವನ್ನು ಮನುಷ್ಯನ ಬಾಯಿಗೆ ಹೊಂದಿಸಿದರು. ನಾವು ಉಸಿರೆಳೆದಾಗ ಮಾತ್ರ ಅದು ಗಾಳಿ ಕೊಡುತ್ತದೆ. ಅಷ್ಟೇ ಅಲ್ಲ, ಆ ಆಳದ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದಲ್ಲಿ ಕೊಡುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಒಂದು ಸಣ್ಣ ಪ್ರಯೋಗ. ಗಾಜಿನ ಲೋಟವೊಂದನ್ನು ಬೋರಲು ಹಿಡಿದು ಬಕೆಟ್ಟಿನ ನೀರಿನೊಳಕ್ಕೆ ನೇರವಾಗಿ ಅದುಮಿ. ಲೋಟದ ಗಾಳಿ ಹೊರಗೆ ಹೋಗುವುದಿಲ್ಲ, ಆದರೂ ಅಂಚಿನಿಂದ ಕೂದಲೆಳೆಯಷ್ಟು ನೀರು ಮೇಲೇರುತ್ತದೆ. ಗಾಳಿ ತುಸು ಕುಗ್ಗಿದೆ ಎಂದರ್ಥ. ಬಕೆಟ್ಟಿನ ಬದಲು ಅದೇ ಲೋಟವನ್ನು ಸಮುದ್ರದಲ್ಲಿ 10 ಮೀಟರ್ ಆಳಕ್ಕೆ ಒಯ್ದರೆ ನೀರು ಅರ್ಧ ಲೋಟದವರೆಗೂ ಏರಿರುತ್ತದೆ. ನೆಲದ ಮೇಲೆ ನಮ್ಮ ಮೇಲಿರುವುದು ಒಂದು ವಾಯುಭಾರ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ವಾಯುಭಾರ ಸೇರುತ್ತ ಹೋಗುತ್ತದೆ. 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧ, ಮುಮ್ಮಡಿಯಾದರೆ ಮೂರನೆಯ ಒಂದು ಭಾಗ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ ಇದು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಈ ನಿಯಮ ನೀರಿನಡಿಯಲ್ಲಿ ಪ್ರಾಣದ ಲೆಕ್ಕವಾಗುತ್ತದೆ.

ಹೇಗೆಂದು ನೋಡೋಣ. ನಮ್ಮ ಹಳ್ಳಿಗಳಲ್ಲಿ ಬಾವಿಗೆ ಬಿದ್ದ ಕೊಡ ತೆಗೆಯಲು ಉಸಿರು ಬಿಗಿಹಿಡಿದು ಮುಳುಗುವವರಿದ್ದಾರೆ. ಕರಾವಳಿಯಲ್ಲಿ ಬಂಡೆಗೆ ಅಂಟಿದ ಪಚ್ಚಿಲೆ ಕೀಳಲು ಹಾಗೆಯೇ ಮುಳುಗುತ್ತಾರೆ. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದವರೂ ಹೀಗೆಯೇ ಉಸಿರು ಕಟ್ಟುತ್ತಿದ್ದರು. ಅವರೆಲ್ಲ ಉಸಿರು ಬಿಗಿಹಿಡಿದೇ ಮೇಲೆ ಬರುತ್ತಾರಲ್ಲ, ಅವರ ಎದೆಗೇನೂ ಆಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅವರು ಎದೆ ತುಂಬಿಕೊಂಡದ್ದು ಮೇಲಿನ ಗಾಳಿಯನ್ನು. ಅದು ಇಳಿಯುವಾಗ ಕುಗ್ಗುತ್ತದೆ, ಏರುವಾಗ ಮತ್ತೆ ಹಿಗ್ಗಿ ಮೊದಲಿನಷ್ಟೇ ಆಗುತ್ತದೆ, ಅದಕ್ಕಿಂತ ಹೆಚ್ಚಾಗುವುದಿಲ್ಲ. ಸ್ಕೂಬಾ ಮುಳುಗುಗಾರನ ಸಂಗತಿ ಬೇರೆ. ಆತ 10 ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದರೆ ಎರಡು ವಾಯುಭಾರದ ಗಾಳಿಯನ್ನು ತುಂಬಿಕೊಂಡಂತಾಯಿತು. ಶ್ವಾಸಕೋಶಗಳಲ್ಲಿ 6 ಲೀಟರ್ ಇದೆ ಎನ್ನೋಣ. ಗಾಬರಿಯಿಂದ ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದರೆ ಆ ಆರು ಲೀಟರ್ ಹನ್ನೆರಡಾಗಲು ಹೊರಡುತ್ತದೆ. ಅಷ್ಟು ಜಾಗ ಎದೆಯಲ್ಲಿಲ್ಲ. ಶ್ವಾಸಕೋಶದ ತೆಳುಪೊರೆ ಹರಿದು ಗಾಳಿ ರಕ್ತನಾಳಕ್ಕೆ ನುಗ್ಗಬಹುದು. ಅಲ್ಲಿಂದ ಮಿದುಳಿಗೆ ಹೋಗಿ ಅಡ್ಡಗಟ್ಟಬಹುದು. ಇದಕ್ಕೆ ಹತ್ತು ಮೀಟರೂ ಬೇಕಿಲ್ಲ, ಎದೆ ತುಂಬಿದ್ದರೆ ಒಂದೂವರೆ ಮೀಟರಿನ ಏರಿಕೆ ಸಾಕು. ಈಜುಕೊಳದಲ್ಲಿಯೂ ಇದು ಸಂಭವಿಸಬಲ್ಲುದು.

ಆದ್ದರಿಂದಲೇ ಸ್ಕೂಬಾ ಶಾಲೆಗಳಲ್ಲಿ ಮೊದಲ ದಿನ ಹೇಳಿಕೊಡುವ ನಿಯಮ ಒಂದೇ: ಉಸಿರು ಕಟ್ಟಬೇಡಿ. ಎಳೆಯುತ್ತಿರಿ, ಬಿಡುತ್ತಿರಿ. ನೀರೆಂದರೆ ಉಸಿರು ಕಟ್ಟುವುದು ಎಂದು ಹುಟ್ಟಿನಿಂದ ಕಲಿತ ನಮಗೆ ಇದು ಕೇಳಿದಷ್ಟು ಸುಲಭವಲ್ಲ. ಮುಖವಾಡಕ್ಕೆ ಒಂದು ಹನಿ ನೀರು ನುಗ್ಗಿದರೂ ದೇಹ ತಾನಾಗಿಯೇ ಉಸಿರು ಬಿಗಿಯುತ್ತದೆ. ಆ ಹಳೆಯ ಅಭ್ಯಾಸವನ್ನು ಬಿಡಿಸುವುದಕ್ಕೇ ಕೊಳದಲ್ಲಿ ಗಂಟೆಗಟ್ಟಲೆ ಅಭ್ಯಾಸ ಮಾಡಿಸುವುದು. ಮುಖವಾಡಕ್ಕೆ ಬೇಕೆಂದೇ ನೀರು ತುಂಬಿಸಿಕೊಂಡು, ಮೂಗಿನಿಂದ ಗಾಳಿ ಊದಿ ಅದನ್ನು ಹೊರಹಾಕುವುದು. ಬಾಯಿಯ ಕೊಳವೆಯನ್ನು ತೆಗೆದು ಮತ್ತೆ ಹಾಕಿಕೊಳ್ಳುವುದು. ನೋಡುವವರಿಗೆ ಇದು ಮಕ್ಕಳಾಟ. ಆದರೆ ಇದು ನಿಜವಾಗಿ ಕೈಗೆ ಹತ್ತಿದವರು 12 ಮೀಟರ್ ಆಳದಲ್ಲಿ ಗಾಬರಿಯಾಗುವುದು ಕಡಿಮೆ.

ಕಿವಿಯ ಮಾತು ಇದರ ಜೊತೆಗೇ ಬರುತ್ತದೆ. ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟಿದ ಅನುಭವ ನಿಮಗೆಲ್ಲ ಇದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದಾಗ ಆಗುವ ಒತ್ತಡದ ವ್ಯತ್ಯಾಸ ನೀರಿನಲ್ಲಿ ಒಂದು ಮೀಟರ್ ಇಳಿಯುವುದರೊಳಗೇ ಆಗಿಬಿಡುತ್ತದೆ. ಕಿವಿಪರದೆ ಒಳಕ್ಕೆ ಬಾಗುತ್ತದೆ, ನೋವು ಶುರುವಾಗುತ್ತದೆ. ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ನಡುಗಿವಿಗೆ ಹೋಗುವ ನಾಳ ತೆರೆದುಕೊಂಡು ಒಳಗೂ ಹೊರಗೂ ಒತ್ತಡ ಸಮವಾಗುತ್ತದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ವಾಲ್ಸಾಲ್ವಾನ ಹೆಸರಿನಿಂದ ಪ್ರಸಿದ್ಧವಾದ ವಿಧಾನ ಇದು. ನೋವು ಬಂದ ಮೇಲೆ ಮಾಡುವುದಲ್ಲ. ಬರುವ ಮೊದಲೇ, ಅರ್ಧ ಮೀಟರಿಗೊಮ್ಮೆ ಮಾಡಬೇಕು. ತೆರೆದುಕೊಳ್ಳದಿದ್ದರೆ ಜೋರಾಗಿ ಊದಬಾರದು, ತುಸು ಮೇಲೇರಿ ಮತ್ತೆ ಪ್ರಯತ್ನಿಸಬೇಕು. ನೆಗಡಿಯಾಗಿದ್ದರೆ ಆ ನಾಳ ಬಾತುಕೊಂಡಿರುತ್ತದೆ. ಅಂದು ನೀರಿಗೆ ಇಳಿಯಲೇಬಾರದು. ಮೂಗು ತೆರೆಸುವ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಮಾತ್ರೆಯ ಪ್ರಭಾವ ಕೆಳಗಿರುವಾಗಲೇ ಇಳಿದರೆ ಏರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ನೋವು ಇಳಿಯುವಾಗಿನದಕ್ಕಿಂತ ಕೆಟ್ಟದ್ದು, ಏಕೆಂದರೆ ಮೇಲೆ ಬರದೆ ವಿಧಿಯಿಲ್ಲ.

ಇಲ್ಲಿಯೇ ಒಂದು ಕಾಗದದ ವಿಷಯ ಹೇಳಿಬಿಡುತ್ತೇನೆ. ನೀರಿಗಿಳಿಯುವ ಮೊದಲು ಆರೋಗ್ಯದ ಪ್ರಶ್ನೆಗಳಿರುವ ಒಂದು ನಮೂನೆ ಕೊಡುತ್ತಾರೆ. ಉಬ್ಬಸ ಇದೆಯೇ? ಮೂರ್ಛೆ ರೋಗ? ಹೃದಯದ ತೊಂದರೆ? ಕಿವಿಯ ಶಸ್ತ್ರಚಿಕಿತ್ಸೆ? ಗುಂಪಿನಲ್ಲಿ ಬಂದ ಹುಡುಗರು ಒಬ್ಬರ ಹಾಳೆ ನೋಡಿ ಇನ್ನೊಬ್ಬರು ಸಾಲಾಗಿ 'ಇಲ್ಲ' ಎಂದು ಗುರುತು ಹಾಕಿ, ಅರೆನಿಮಿಷದಲ್ಲಿ ಸಹಿ ಮಾಡಿ ಕೊಡುತ್ತಾರೆ. 'ಹೌದು' ಎಂದರೆ ಬಿಡುವುದಿಲ್ಲವೇನೋ, ಕೊಟ್ಟ ಹಣ ಹೋದೀತೇನೋ ಎಂಬ ಅಳುಕು. ಪರೀಕ್ಷೆಯಲ್ಲಿ ನಕಲು ಮಾಡಿದರೆ ಅಂಕ ಹೋಗುತ್ತದೆ. ಇಲ್ಲಿ ಹೋಗುವುದು ಅಂಕವಲ್ಲ. ಉಬ್ಬಸದಲ್ಲಿ ಶ್ವಾಸನಾಳದ ಕವಲುಗಳು ಕಿರಿದಾಗಿ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಏರುವಾಗ ಆ ಗಾಳಿ ಹಿಗ್ಗಿದರೆ ಏನಾದೀತೆಂದು ಈಗ ನೀವೇ ಹೇಳಬಲ್ಲಿರಿ. 'ಹೌದು' ಎಂದರೆ ಡೈವಿಂಗ್ ನಿಮಗೆ ಶಾಶ್ವತವಾಗಿ ಮುಚ್ಚಿತು ಎಂದಲ್ಲ. ವೈದ್ಯರನ್ನು ಕಂಡು ಒಪ್ಪಿಗೆ ತನ್ನಿ ಎಂದು ಅರ್ಥ. ಆ ನಮೂನೆ ಮೊದಲೇ ಸಿಗುತ್ತದೆ. ಅದನ್ನು ತರಿಸಿಕೊಂಡು, ತಂದೆತಾಯಿಯರ ಜೊತೆ ಕುಳಿತು ಓದಿ, ಸಂದೇಹವಿದ್ದರೆ ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ವೈದ್ಯರಿಗೆ ತೋರಿಸಿ. ದಡದಲ್ಲಿ ನಿಂತು ಯೋಚಿಸುವ ವಿಷಯ ಇದಲ್ಲ. ವಿದ್ಯಾರ್ಥಿನಿಯರು ಕೇಳಲು ಸಂಕೋಚಪಡುವ ಪ್ರಶ್ನೆಯೊಂದಿದೆ, ಅದಕ್ಕೂ ಉತ್ತರ ಹೇಳುತ್ತೇನೆ: ಮುಟ್ಟಿನ ದಿನಗಳು ಡೈವಿಂಗಿಗೆ ಅಡ್ಡಿಯಲ್ಲ.

ಇನ್ನು ಈಜು. ಸುಮ್ಮನೆ ಒಮ್ಮೆ ಇಳಿದು ನೋಡುವ ಪ್ರವಾಸಿಗೆ ಈಜು ಬರಲೇಬೇಕೆಂದಿಲ್ಲ. ಶಿಕ್ಷಕ ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾನೆ, 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಸರಿಯಾದ ತರಬೇತಿ ಪಡೆಯಬೇಕೆಂದರೆ ಈಜು ಬೇಕು. ಪ್ಯಾಡಿ ಎಂಬ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಯ ಮೊದಲ ಪ್ರಮಾಣಪತ್ರಕ್ಕೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ಯಾವ ಆಧಾರವೂ ಇಲ್ಲದೆ ತೇಲಬೇಕು. ವೇಗಕ್ಕೆ ಅಂಕವಿಲ್ಲ. 10 ವರ್ಷ ತುಂಬಿದವರೂ ಸೇರಬಹುದು. ಮೂರು ನಾಲ್ಕು ದಿನಗಳ ಆ ತರಬೇತಿ ಮುಗಿಸಿದ ವಯಸ್ಕರಿಗೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ದೊರೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅಂಡಮಾನಿನವರೆಗೆ ಹೋಗುವವರು ಹತ್ತು ಕಡೆ ಸುತ್ತುವುದನ್ನು ಬಿಟ್ಟು ಆ ನಾಲ್ಕು ದಿನ ಒಂದೇ ಕಡೆ ಕುಳಿತು ಕಲಿತು ಬರುವುದು ಮೇಲು. ಈಜು ಕಲಿಯುವುದು ಮಾತ್ರ ಕಲಿಸುವವರಿರುವ ಕೊಳದಲ್ಲಿ ಆಗಲಿ. ಕಲ್ಲುಕ್ವಾರಿಯ ಹೊಂಡದಲ್ಲಿ, ಊರ ಕೆರೆಯಲ್ಲಿ ಗೆಳೆಯರ ಭರವಸೆಯ ಮೇಲೆ ಇಳಿದವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ನಾವು ಓದುತ್ತಲೇ ಇದ್ದೇವೆ.

ಗಾಳಿ ಎಷ್ಟು ಹೊತ್ತು ಬರುತ್ತದೆ? ಇದನ್ನು ಕಾಗದ ಪೆನ್ಸಿಲು ಹಿಡಿದು ನೀವೇ ಲೆಕ್ಕ ಹಾಕಬಹುದು. 11 ಲೀಟರಿನ ಸಿಲಿಂಡರಿಗೆ ಸುಮಾರು 200 ವಾಯುಭಾರದಲ್ಲಿ ಗಾಳಿ ತುಂಬಿದರೆ 2200 ಲೀಟರ್ ಗಾಳಿಯಾಯಿತು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಇದು 110 ನಿಮಿಷ ಸಾಕು. 20 ಮೀಟರ್ ಆಳದಲ್ಲಿ? ಅಲ್ಲಿ ಒತ್ತಡ ಮೂರು ಪಟ್ಟು, ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಖರ್ಚು, ನಿಮಿಷಕ್ಕೆ 60 ಲೀಟರ್. ಕಾಲು ಭಾಗವನ್ನು ಆಪತ್ತಿಗೆಂದು ಮುಟ್ಟದೆ ಇಡುವುದು ಪದ್ಧತಿ. ಉಳಿದ 1650 ಲೀಟರನ್ನು 60ರಿಂದ ಭಾಗಿಸಿದರೆ ಇಪ್ಪತ್ತೇಳೂವರೆ ನಿಮಿಷ. ಹೆದರಿ ಏದುಸಿರು ಬಿಡುವವರಿಗೆ ಅದರ ಅರ್ಧವೂ ಬಾರದು. ಹಾಗಾಗಿ ನಿಧಾನವಾಗಿ, ದೀರ್ಘವಾಗಿ ಉಸಿರಾಡುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ. ಪ್ರಾಣಾಯಾಮ ಗೊತ್ತಿರುವವರಿಗೆ ಅರ್ಧ ದಾರಿ ನಡೆದಂತೆಯೇ. ಆದರೆ ಕುಂಭಕವನ್ನು, ಅಂದರೆ ಉಸಿರು ಕಟ್ಟಿ ನಿಲ್ಲಿಸುವುದನ್ನು, ದಡದಲ್ಲೇ ಬಿಟ್ಟು ಇಳಿಯಬೇಕು!

ಇನ್ನೊಂದು ಅಪಾಯ ಸದ್ದಿಲ್ಲದ್ದು. ಗೋಲಿ ಸೋಡಾ ಕುಡಿದವರಿಗೆ ಅದನ್ನು ವಿವರಿಸುವುದು ಸುಲಭ. ಗೋಲಿ ಒತ್ತುವವರೆಗೆ ಶೀಶೆಯ ನೀರು ತಿಳಿಯಾಗಿರುತ್ತದೆ. ಒತ್ತಿದೊಡನೆ ಒತ್ತಡ ಇಳಿದು, ನೀರಿನಲ್ಲಿ ಕರಗಿದ್ದ ಅನಿಲ ಗುಳ್ಳೆಗುಳ್ಳೆಯಾಗಿ ಉಕ್ಕುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ನೆಲದ ಮೇಲೆ ಅದರಿಂದ ದೇಹಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಳದಲ್ಲಿ ಒತ್ತಡ ಹೆಚ್ಚಿದಂತೆ ಅದು ರಕ್ತದಲ್ಲೂ ಅಂಗಾಂಶಗಳಲ್ಲೂ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಮೆಲ್ಲಗೆ ಮೇಲೇರಿದರೆ ಕರಗಿದ್ದು ಶ್ವಾಸಕೋಶದ ಮೂಲಕ ಹೊರಹೋಗುತ್ತದೆ. ಅವಸರ ಮಾಡಿದರೆ ದೇಹವೇ ಗೋಲಿ ಸೋಡಾ ಆಗುತ್ತದೆ.

ಈ ರೋಗವನ್ನು ಜಗತ್ತು ಚೆನ್ನಾಗಿ ಕಂಡದ್ದು ಕಡಲಿನಲ್ಲಲ್ಲ, ಸೇತುವೆ ಕಟ್ಟುವಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದಲ್ಲಿ ದೊಡ್ಡ ಪೆಟ್ಟಿಗೆಗಳನ್ನಿಳಿಸಿ, ನೀರು ನುಗ್ಗದಂತೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಕೂಲಿಗಳಿಂದ ಅಗೆಯಿಸಿದರು. ಕೆಲಸ ಮುಗಿಸಿ ಮೇಲೆ ಬಂದವರು ಕೀಲುನೋವಿನಿಂದ ಬಾಗಿ ನರಳುತ್ತಿದ್ದರು. ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಹಾಸಿಗೆ ಹಿಡಿದರು. ಅವರ ಪತ್ನಿ ಎಮಿಲಿ ಗಣಿತ, ಎಂಜಿನಿಯರಿಂಗ್ ಕಲಿತು, ಗಂಡನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತ 1883ರಲ್ಲಿ ಸೇತುವೆ ಪೂರ್ತಿಯಾಗುವವರೆಗೂ ದುಡಿದರು. ಅದಕ್ಕೆ ಕಾರಣ ಸಾರಜನಕದ ಗುಳ್ಳೆ ಎಂದು 1878ರಲ್ಲಿ ತೋರಿಸಿಕೊಟ್ಟವರು ಫ್ರೆಂಚ್ ವಿಜ್ಞಾನಿ ಪಾಲ್ ಬೆರ್. ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಬರಬೇಕು ಎಂಬ ಕೋಷ್ಟಕವನ್ನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗ ನಡೆದದ್ದು ಆಡುಗಳ ಮೇಲೆ. ನೋವಾದ ಆಡು ಮುಂಗಾಲನ್ನು ಎತ್ತಿ ನಿಲ್ಲುತ್ತಿತ್ತಂತೆ. ಇಂದು ಮುಳುಗುಗಾರರ ಕೈಗೆ ಕಟ್ಟುವ ಗಣಕಗಳು ಮಾಡುವ ಲೆಕ್ಕಕ್ಕೆ ಆ ಕೋಷ್ಟಕವೇ ಮೂಲ.

ರಜೆಯ ಮುಳುಗುಗಾರನಿಗೆ ಇದರಿಂದ ಬರುವ ನಿಯಮಗಳು ಸರಳ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು. ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ದಿನವಿಡೀ ಚೆನ್ನಾಗಿ ನೀರು ಕುಡಿದಿರಬೇಕು. ಹಿಂದಿನ ರಾತ್ರಿ ಮದ್ಯ ಕೂಡದು. ಮೇಲೆ ಬಂದ ಮೇಲೆ ಕೆಲವು ಗಂಟೆಗಳಲ್ಲಿ ಭುಜ ಮೊಣಕಾಲುಗಳಲ್ಲಿ ನೋವು, ಕೈಕಾಲು ಜುಮುಗುಟ್ಟುವುದು, ವಿಪರೀತ ಆಯಾಸ, ಚರ್ಮದ ಮೇಲೆ ಗುರುತು ಕಂಡರೆ, 'ಬಿಸಿಲಿಗೆ ಸುಸ್ತಾಗಿದೆ, ಮಲಗಿದರೆ ಸರಿಹೋಗುತ್ತದೆ' ಎಂದು ಸುಮ್ಮನಿರಬಾರದು. ತಕ್ಷಣ ತಿಳಿಸಬೇಕು. ಶುದ್ಧ ಆಮ್ಲಜನಕ ಕೊಟ್ಟು, ಒತ್ತಡದ ಕೋಣೆಯಲ್ಲಿಟ್ಟು ಚಿಕಿತ್ಸೆ ಮಾಡಿದರೆ ಬಹುಮಂದಿ ಗುಣವಾಗುತ್ತಾರೆ. ತಡವಾದಷ್ಟೂ ಗುಣವಾಗುವುದು ಕಷ್ಟ. ಆದ್ದರಿಂದ ಹಣ ಕಟ್ಟುವ ಮೊದಲೇ ಸಂಚಾಲಕರನ್ನು ಕೇಳಿ: ದೋಣಿಯಲ್ಲಿ ಆಮ್ಲಜನಕ ಇದೆಯೇ? ಹತ್ತಿರದ ಒತ್ತಡದ ಕೋಣೆ ಎಲ್ಲಿದೆ? ಒಬ್ಬ ಶಿಕ್ಷಕ ಎಷ್ಟು ಜನರನ್ನು ಕರೆದೊಯ್ಯುತ್ತಾನೆ? ಈ ಪ್ರಶ್ನೆಗೆ ನಗುವವರ ಬಳಿ ಹೋಗಬೇಡಿ. ಒಳ್ಳೆಯ ಶಿಕ್ಷಕ ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ಕಂಡರೆ ಸಂತೋಷಪಡುತ್ತಾನೆ.

ಕಾಲ ಯಾವುದು? ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲು ಕೆಂಪಾಗಿ, ಒರಟಾಗಿ ಇರುತ್ತದೆ. ದೋಣಿಗಳು ನೇತ್ರಾಣಿಗೆ ಹೋಗುವುದು ಸಾಮಾನ್ಯವಾಗಿ ಮಳೆ ನಿಂತ ಮೇಲೆಯೇ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ತೆರೆದ ಸಮುದ್ರದ ಹಾದಿ ಅದು. ಅಂಡಮಾನಿನಲ್ಲಿ ಡಿಸೆಂಬರಿನಿಂದ ಏಪ್ರಿಲಿನವರೆಗೆ ನೀರು ತಿಳಿ. ಅಲ್ಲಿಯ ಕಡಲು 27ರಿಂದ 30 ಡಿಗ್ರಿ ಬೆಚ್ಚಗಿದ್ದರೂ ಅರ್ಧ ಗಂಟೆಯಲ್ಲಿ ಮೈ ನಡುಗಲು ತೊಡಗಬಹುದು. ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಹೀರುವುದರಿಂದ ಹೀಗೆ. ಅದಕ್ಕೇ ತೆಳುವಾದ ರಬ್ಬರಿನ ಉಡುಪು. ದೋಣಿಯಲ್ಲಿ ವಾಂತಿಯಾಗುವವರು ಬೆಳಿಗ್ಗೆ ಎರಡು ಇಡ್ಲಿಗೆ ನಿಲ್ಲಿಸುವುದು ಒಳ್ಳೆಯದು. ಪೂರಿ, ಬಜ್ಜಿ ವಾಪಸಾದ ಮೇಲೆ.

ಕನ್ನಡಕದವರು ಒಂದು ವಿಷಯ ಗಮನಿಸಿ. ಮುಖವಾಡದೊಳಗೆ ಕನ್ನಡಕ ಕೂರುವುದಿಲ್ಲ; ಕಡ್ಡಿಯ ಸಂದಿನಿಂದ ನೀರು ನುಗ್ಗುತ್ತದೆ. ನಂಬರಿನ ಗಾಜಿರುವ ಮುಖವಾಡ ಸಿಗುತ್ತದೆ, ಮೊದಲೇ ಹೇಳಿಡಬೇಕು. ಮುಖವಾಡ ಸರಿಹೊಂದುತ್ತದೆಯೇ ಎಂದು ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿ ನಿಂತರೆ ಅದು ನಿಮ್ಮದು. ನೀರಿನಲ್ಲಿ ವಸ್ತುಗಳು ಮೂರನೆಯ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗಿನ ವಕ್ರೀಭವನ ಅದು. ಮೇಲೆ ಬಂದು 'ಇಷ್ಟುದ್ದ ಮೀನು' ಎಂದು ಕೈ ಅಗಲಿಸುವವರ ಮಾತಿನಲ್ಲಿ ಕಾಲು ಭಾಗ ಕಳೆಯಿರಿ. ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ಆಳದಲ್ಲಿ ಬೆರಳು ತರಚಿದರೆ ರಕ್ತ ಹಸಿರು ಕಪ್ಪಾಗಿ ಕಾಣುತ್ತದೆ, ಗಾಬರಿ ಬೇಡ. ಮಾತಿಲ್ಲದ್ದರಿಂದ ಎಲ್ಲವೂ ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ ನೆಲದ ಮೇಲೆ 'ಚೆನ್ನಾಗಿದೆ' ಎಂದರ್ಥ. ನೀರಿನಲ್ಲಿ ಅದಕ್ಕೆ 'ಮೇಲೆ ಹೋಗೋಣ' ಎಂದರ್ಥ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಯಾರೇ ಹೆಬ್ಬೆರಳೆತ್ತಿದರೂ ಜೊತೆಗಾರ ಕಾರಣ ಕೇಳದೆ ಅವನೊಡನೆ ಮೇಲೇರಬೇಕು. ಇಂದು ನನಗೆ ಬೇಡ ಎನ್ನುವ ಹಕ್ಕು ದೋಣಿಯ ಮೇಲೂ ಇದೆ, ನೀರಿನಡಿಯಲ್ಲೂ ಇದೆ. ಸ್ನೇಹಿತರು ಹೇಡಿ ಎಂದಾರೆಂದು ಇಳಿಯುವವರು ನೀರಿನಡಿ ಸ್ನೇಹಿತರಿಗೂ ಅಪಾಯವೇ.

ಇಷ್ಟೆಲ್ಲ ಮಾಡಿ ನಾವು ನೋಡಲು ಹೋಗುವುದು ಹವಳದ ದಿಬ್ಬಗಳನ್ನು. ಹವಳ ಕಲ್ಲಲ್ಲ, ಗಿಡವಲ್ಲ. ಸಾಸಿವೆಯಷ್ಟು ಚಿಕ್ಕದರಿಂದ ಹಿಡಿದು ಹಲವು ಗಾತ್ರದ ಪ್ರಾಣಿಗಳು ಒಟ್ಟಾಗಿ ಸುಣ್ಣದ ಮನೆ ಕಟ್ಟಿ ಬದುಕುವ ಊರು. ಅವುಗಳ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಕಡಲು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗಟ್ಟಿ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ, 2010ರಲ್ಲಿ ಮತ್ತು 2016ರಲ್ಲಿ ನಮ್ಮ ದ್ವೀಪಗಳ ಹವಳ ಹೀಗೆ ಬಿಳಿಚಿತ್ತು. 2024ರಲ್ಲಿ ಲಕ್ಷದ್ವೀಪದಲ್ಲಿ ಮತ್ತೆ ಬಿಳಿಚಿತು. ಅದೇ ವರ್ಷದ ಏಪ್ರಿಲಿನಲ್ಲಿ ವಿಜ್ಞಾನಿಗಳು ಇದನ್ನು ಜಗತ್ತಿನ ನಾಲ್ಕನೆಯ ವ್ಯಾಪಕ ಬಿಳಿಚುವಿಕೆ ಎಂದು ಸಾರಿದರು. ಹೀಗೆ ಬಳಲಿದ ಹವಳದ ಮೇಲೆ ಕಾಲೂರಿ ನಿಲ್ಲುವುದು, ಫೋಟೋಗಾಗಿ ಹಿಡಿದು ತೂಗುವುದು ರೋಗಿಯ ಎದೆಯ ಮೇಲೆ ಕುಳಿತಂತೆ. ಕೆಲವು ಹವಳಗಳು ಸುಡುತ್ತವೆ, ಕಲ್ಲುಮೀನಿನ ಮುಳ್ಳಿನಲ್ಲಿ ವಿಷವಿದೆ. ಹಾಗಾಗಿ ಮುಟ್ಟದಿರುವುದು ನಮಗೂ ಕ್ಷೇಮ. ಬಿಸಿಲಿನ ಮುಲಾಮುಗಳಲ್ಲಿರುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿಯೆಂದು ಹವಾಯಿಯಲ್ಲಿ 2021ರಿಂದ ಅಂಥವುಗಳ ಮಾರಾಟ ನಿಷಿದ್ಧ. ಮುಲಾಮಿನ ಬದಲು ತುಂಬುತೋಳಿನ ಅಂಗಿ ತೊಟ್ಟರೆ ಆ ಚರ್ಚೆಯೇ ಬೇಡ. ಬರುವಾಗ ನೆನಪಿಗೆಂದು ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಹುಲಿಯ ಸಾಲಿಗೇ, ಸೇರಿಸಲಾಗಿದೆ.

ಕೊನೆಯದಾಗಿ ಹಿಂತಿರುಗುವ ದಿನದ ಲೆಕ್ಕ. ಪ್ರವಾಸದ ಯೋಜನೆ ಹಾಕುವಾಗ ಮೊದಲು ಬರೆಯಬೇಕಾದ್ದು ಇದನ್ನೇ. ಮುಳುಗಿ ಬಂದ ಮೇಲೂ ಸಾರಜನಕ ಪೂರ್ತಿ ಹೊರಹೋಗಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ವಿಮಾನ ಹತ್ತಿದರೆ, ಅದರ ಕೋಣೆಯ ಒತ್ತಡ ನೆಲಕ್ಕಿಂತ ಕಡಿಮೆ ಇರುವುದರಿಂದ, ಗೋಲಿ ಒತ್ತಿದಂತೆಯೇ ಆಯಿತು. 2002ರಲ್ಲಿ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ ಕರೆದ ತಜ್ಞರ ಸಭೆ ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ಹೇಳಿತು. ಅಂಡಮಾನಿಗೆ ಹೋದವರು ಕೊನೆಯ ಇಡೀ ದಿನವನ್ನು ದಡಕ್ಕೇ ಮೀಸಲಿಡುವುದು ಸುಲಭ. ಸೆಲ್ಯುಲಾರ್ ಜೈಲನ್ನು ಅಂದು ನೋಡಬಹುದು.

ನೇತ್ರಾಣಿಗೆ ಹೋಗುವ ನಮ್ಮವರು ಮಾತ್ರ ಈ ಲೆಕ್ಕವನ್ನು ಮರೆಯುತ್ತಾರೆ, ವಿಮಾನ ಹತ್ತುವುದಿಲ್ಲವಲ್ಲ ಎಂದು. ತಜ್ಞರ ಆ ಸೂಚನೆ 600 ಮೀಟರಿನಿಂದ 2400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯಿಸುತ್ತದೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಎರಡು ಸಲ ಮುಳುಗಿ, ಸಂಜೆ ಏಳರ ಬಸ್ಸು ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಘಾಟಿ ಏರುತ್ತಿರುತ್ತೀರಿ, ನಿದ್ದೆಯಲ್ಲಿಯೇ. ಮಧ್ಯಾಹ್ನ ನೇರವಾಗಿ 1343 ಮೀಟರಿನ ಕೊಡಚಾದ್ರಿಗೆ ಹೊರಡುವ ಗುಂಪುಗಳೂ ಇವೆ. ಚಾರಣವನ್ನು ಮೊದಲ ದಿನಕ್ಕೆ, ಮುಳುಗುವುದನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ. ಆ ರಾತ್ರಿ ಕರಾವಳಿಯಲ್ಲೇ ತಂಗಿ. ಮರುದಿನದ ಬಸ್ಸಿಗೆ ಸೀಟು ಈಗಲೇ ಕಾದಿರಿಸಿ, ರಜಾದಿನಗಳಲ್ಲಿ ಅದು ಸಿಗುವುದು ಕಷ್ಟ.